ಮಗಳನ್ನು ಟೀಮಿನವರು ಸ್ಯಾಕ್‌ಗೆ ಆರಿಸಿದ್ದಾರೆ. ಈ ಕಮಿಟಿಯಿಂದ ನಿಜವಾಗಿ ಏನಾದರೂ ಆಗುತ್ತದಾ?

ಈಜುಗಾರ್ತಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾಲೇಜುಗಳಲ್ಲಿ ಆಡಿದವರು, ಆಡುವ ಮಕ್ಕಳಿರುವವರು ಇಲ್ಲಿ ಕೆಲವರಿದ್ದೀರಿ ಅಂತ ಗೊತ್ತು, ಅದಕ್ಕೇ ಕೇಳ್ತಿದ್ದೀನಿ.

ನನ್ನ ಮಗಳು ಡಿವಿಷನ್ 3 (ಕಾಲೇಜು ಕ್ರೀಡೆಯ ಮೂರು ವಿಭಾಗಗಳಲ್ಲಿ ಮೂರನೆಯದು) ಕಾಲೇಜೊಂದರಲ್ಲಿ ಎರಡನೇ ವರ್ಷದಲ್ಲಿದ್ದಾಳೆ, ಈಜು ತಂಡದಲ್ಲಿದ್ದಾಳೆ. ಈ ಸಲ ತಂಡದವರು ಅವಳನ್ನು ಸ್ಟೂಡೆಂಟ್-ಅಥ್ಲೀಟ್ ಅಡ್ವೈಸರಿ ಕಮಿಟಿಗೆ ಪ್ರತಿನಿಧಿಯಾಗಿ ಆರಿಸಿದ್ದಾರೆ. ಎಲ್ಲರೂ ಅದನ್ನು ಸ್ಯಾಕ್ ಅಂತಲೇ ಕರೆಯೋದಂತೆ. ಭಾನುವಾರ ರಾತ್ರಿ ಮೀಟಿಂಗ್, ಮಧ್ಯೆ ಮಧ್ಯೆ ಸಮಾಜಸೇವೆಯ ಕೆಲಸ, ಬೇರೆ ಟೀಮಿನ ಆಟಗಳಿಗೆ ಹೋಗಿ ಹುರಿದುಂಬಿಸುವುದು. ಇವಳದ್ದು ಬಯಾಲಜಿ ಮೇಜರ್, ಮುಂದೆ ಮೆಡಿಕಲ್ ಸೇರುವ ಆಸೆ. ಬೆಳಕು ಹರಿಯುವ ಮೊದಲೇ ನೀರಿಗಿಳಿಯುವ ಹುಡುಗಿ, ರಾತ್ರಿ ಲ್ಯಾಬ್ ರಿಪೋರ್ಟ್ ಬರೀತಾ ಕೂತಿರ್ತಾಳೆ. ಅವರಪ್ಪನಿಗೆ ಇದೆಲ್ಲ ಬೇಡ ಅನ್ನಿಸಿದೆ. ಕೋಚ್ ಮಾತ್ರ ಇದೊಂದು ಗೌರವ ಅಂತಾರೆ.

ಆದರೆ ಅವಳಿಗೆ ಹೋಗಲು ಒಂದು ಕಾರಣ ಇದೆ. ಸಂಜೆಯ ಪ್ರಾಕ್ಟೀಸ್ ಮುಗಿಯೋದು ಏಳೂವರೆಗೆ. ಡೈನಿಂಗ್ ಹಾಲಿನಲ್ಲಿ ಬಿಸಿ ಊಟದ ಸಾಲು ಮುಚ್ಚೋದೂ ಏಳೂವರೆಗೇ. ಒದ್ದೆ ಕೂದಲಲ್ಲೇ ಕ್ಯಾಂಪಸ್ಸಿನ ಈ ತುದಿಯಿಂದ ಆ ತುದಿಗೆ ಓಡಿದರೂ ಸಿಗೋದು ಸೀರಿಯಲ್, ಬ್ರೆಡ್ಡು, ಉಳಿದ ಸಲಾಡ್. ಎರಡು ಗಂಟೆ ಈಜಿ ಬಂದ ಮಕ್ಕಳಿಗೆ ಅದೇ ರಾತ್ರಿಯೂಟ. "ಇದನ್ನ ಸ್ಯಾಕ್‌ನಲ್ಲಿ ಎತ್ತಬಹುದಾ ಅಮ್ಮ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಈ ಕಮಿಟಿಗೆ ಏನು ಅಧಿಕಾರ ಇದೆ? ತಿಳಿದವರು ಹೇಳಿ.

ಹಳೇ ರಿಲೇ ಓಟಗಾರ

ಅಮ್ಮಾ, ಅಧಿಕಾರದ ವಿಷಯ ಮೊದಲು ಹೇಳಿಬಿಡ್ತೀನಿ. ಕ್ಯಾಂಪಸ್ ಸ್ಯಾಕ್‌ಗೆ ಆಜ್ಞೆ ಮಾಡುವ ಅಧಿಕಾರ ಇಲ್ಲ, ಸಲಹೆ ಕೊಡುವ ಅಧಿಕಾರ ಅಷ್ಟೇ. ಬಜೆಟ್ಟಿಗೆ ಸಹಿ ಹಾಕಲ್ಲ, ಕೋಚನ್ನು ತೆಗೆಯಲ್ಲ, ವೇಳಾಪಟ್ಟಿ ಬರೆಯಲ್ಲ. ಆದರೂ ನಾನು ಡಿವಿಷನ್ 1ರ ಮಧ್ಯಮ ಗಾತ್ರದ ಕಾಲೇಜಲ್ಲಿ ಓಡುವಾಗ ಇದರಲ್ಲಿ ಕೂತವನು. ಕಳಿಸಿ ಅಂತಲೇ ಹೇಳ್ತೀನಿ.

ಹಿನ್ನೆಲೆ ಹೀಗಿದೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ 1989ರ ಸಮಾವೇಶದಲ್ಲಿ ರಾಷ್ಟ್ರಮಟ್ಟದ ಕಮಿಟಿಗೆ ಒಪ್ಪಿಗೆ ಸಿಕ್ಕಿತು. ಪ್ರತಿ ಕಾಲೇಜಿನಲ್ಲೂ ಇಂಥ ಕಮಿಟಿ ಇರಲೇಬೇಕು ಅಂತ ಆದದ್ದು 1995ರಲ್ಲಿ. 1997ರಲ್ಲಿ ಎನ್‌ಸಿಎಎ ಆಡಳಿತವೇ ಡಿವಿಷನ್ ಪ್ರಕಾರ ಬೇರೆಯಾದಾಗ ರಾಷ್ಟ್ರಮಟ್ಟದ ಸ್ಯಾಕ್ ಕೂಡ ಮೂರಾಯಿತು. ಈಗ ಕ್ಯಾಂಪಸ್ಸಿನದ್ದು ಒಂದು, ಅದರ ಮೇಲೆ ಕಾನ್ಫರೆನ್ಸಿನದ್ದು (ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪು), ಅದರ ಮೇಲೆ ಡಿವಿಷನ್ನಿನದ್ದು. ನಿಮ್ಮ ಮಗಳ ಮಾತು ಮೇಲಿನವರೆಗೆ ಹೋಗಲು ದಾರಿ ಇದೆ, ನಡೆಯುವವರು ಬೇಕು.

ನಮ್ಮಲ್ಲಿ ಆದ ಒಂದು ಕೆಲಸ ಹೇಳ್ತೀನಿ. ದೂರದ ಮೀಟ್ ಮುಗಿಸಿ ಬಸ್ಸು ಕ್ಯಾಂಪಸ್ಸಿಗೆ ಬಂದು ನಿಲ್ಲುವಾಗ ರಾತ್ರಿ ಎರಡು ದಾಟಿರುತ್ತಿತ್ತು. ಬೆಳಗ್ಗೆ ಎಂಟಕ್ಕೆ ಕೆಮಿಸ್ಟ್ರಿ ಟೆಸ್ಟ್. ಪ್ರತಿ ಟೀಮಿಗೂ ಇದೇ ಪಾಡು, ಆದರೆ ಪ್ರತಿ ಟೀಮಿನವರೂ ಇದು ತಮ್ಮ ಕೋಚಿನ ಸಮಸ್ಯೆ ಅಂದುಕೊಂಡಿದ್ದರು. ಸ್ಯಾಕ್ ಮೀಟಿಂಗಿನಲ್ಲಿ ಸಾಫ್ಟ್‌ಬಾಲ್ ಹುಡುಗಿ ಹೇಳಿದಳು, ಆಮೇಲೆ ಗಾಲ್ಫಿನವನು, ಆಮೇಲೆ ವಾಲಿಬಾಲಿನವಳು. ಒಂದೇ ಮೇಜಿನ ಸುತ್ತ ಕೂತಾಗ ಅದು ಕೋಚುಗಳ ಸಮಸ್ಯೆ ಅಲ್ಲ, ಕ್ರೀಡಾ ಡಿಪಾರ್ಟ್‌ಮೆಂಟಿನ ಪ್ರಯಾಣದ ಲೆಕ್ಕಾಚಾರದ ಸಮಸ್ಯೆ ಅಂತ ಗೊತ್ತಾಯಿತು. ಯಾವ ಟೀಮು ಯಾವ ದಿನ ಎಷ್ಟು ಹೊತ್ತಿಗೆ ಬಂತು, ಮರುದಿನ ಯಾರಿಗೆ ಯಾವ ಪರೀಕ್ಷೆ ಇತ್ತು ಅಂತ ಒಂದು ಹಾಳೆಯಲ್ಲಿ ಬರೆದು ಆ ಡಿಪಾರ್ಟ್‌ಮೆಂಟಿನ ಮುಖ್ಯಸ್ಥರಾದ ಅಥ್ಲೆಟಿಕ್ ಡೈರೆಕ್ಟರ್ ಮುಂದೆ ಇಟ್ಟೆವು. ಮುಂದಿನ ಸೀಸನ್ನಿಗೆ ವಾರದ ನಡುವಿನ ದೂರದ ಪ್ರಯಾಣಗಳು ಕಡಿಮೆಯಾದವು. ಪೂರ್ತಿ ನಿಲ್ಲಲಿಲ್ಲ, ಆದರೂ ಕಡಿಮೆಯಾದವು.

ಇಂಥ ಹಾಳೆ ಇಲ್ಲದೆ ಹೋದವರಿಗೆ "ನೋಡೋಣ" ಅನ್ನುವ ಉತ್ತರ ಸಿಗುತ್ತದೆ. ಊಟದ ವಿಷಯಕ್ಕೂ ಅದೇ ಮಾಡಿ. ಯಾವ ಟೀಮು ಎಷ್ಟಕ್ಕೆ ಬಿಡುತ್ತದೆ, ಎಷ್ಟು ಮಂದಿ ಊಟ ತಪ್ಪಿಸಿಕೊಳ್ಳುತ್ತಾರೆ, ಎರಡು ವಾರ ಬರೆದಿಡಲಿ.

ಮಾಜಿ ಗೋಲ್‌ಕೀಪರ್

ನಾನು ಒಪ್ಪಲ್ಲ. ಡಿವಿಷನ್ 1 ಸಾಕರ್ ಆಡಿದವಳು ನಾನು. ನಮ್ಮ ಸ್ಯಾಕ್‌ನಲ್ಲಿ ಮೀಟಿಂಗಿನ ಬಹುಪಾಲು ಸಮಯ ಹೋಗುತ್ತಿದ್ದದ್ದು ಟೀ ಶರ್ಟಿನ ಬಣ್ಣ, ವರ್ಷದ ಕೊನೆಯ ಪ್ರಶಸ್ತಿ ಸಮಾರಂಭ, ಆಹಾರ ಸಂಗ್ರಹದ ಡಬ್ಬಿ ಎಲ್ಲಿಡಬೇಕು, ಇದಕ್ಕೆ. ಸಮಾಜಸೇವೆ ಒಳ್ಳೆಯದೇ. ಡಿವಿಷನ್ 2ರವರು 2003ರಿಂದ ಕಾಯಿಲೆಯ ಮಕ್ಕಳ ಆಸೆ ಈಡೇರಿಸುವ ಮೇಕ್-ಎ-ವಿಶ್ ಜೊತೆ, ಡಿವಿಷನ್ 3ರವರು 2011ರಿಂದ ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಆಟ ಆಡಿಸುವ ಸ್ಪೆಷಲ್ ಒಲಿಂಪಿಕ್ಸ್ ಜೊತೆ ಮಾಡುತ್ತಿರುವ ಕೆಲಸದ ಬಗ್ಗೆ ನನಗೆ ಗೌರವ ಇದೆ. ಆದರೆ ಆಟಗಾರರ ಕಮಿಟಿ ಆಟಗಾರರ ಕಷ್ಟ ಕೇಳದೆ ಬರೀ ಸೇವೆ ಮಾಡುತ್ತಾ ಕೂತರೆ ಅದು ಡಿಪಾರ್ಟ್‌ಮೆಂಟಿನ ಪ್ರಚಾರ ವಿಭಾಗ ಆಗಿಬಿಡುತ್ತದೆ.

ದೊಡ್ಡ ಬದಲಾವಣೆಗಳು ಎಲ್ಲಿಂದ ಬಂದವು ನೋಡಿ. ಆಟಗಾರರ ಹೆಸರು, ಚಿತ್ರದ ಬಳಕೆಯ ಬಗ್ಗೆ ಓ'ಬ್ಯಾನನ್ ತೀರ್ಪು 2014, ಕೋರ್ಟಿನಿಂದ. ಓದಿಗೆ ಸಂಬಂಧಿಸಿದ ಸವಲತ್ತುಗಳ ಮೇಲೆ ಎನ್‌ಸಿಎಎ ಹಾಕಿದ್ದ ಮಿತಿ ತೆಗೆದ ಆಲ್‌ಸ್ಟನ್ ತೀರ್ಪು 2021ರ ಜೂನ್, ಸುಪ್ರೀಂ ಕೋರ್ಟಿನಿಂದ, ಒಂಬತ್ತೂ ನ್ಯಾಯಮೂರ್ತಿಗಳ ಒಮ್ಮತದಿಂದ. ಅದರ ಬೆನ್ನಿಗೇ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ದುಡಿಯಬಹುದು ಅಂತಾದದ್ದಕ್ಕೆ ರಾಜ್ಯಗಳ ಕಾನೂನುಗಳ ಒತ್ತಡ ಕಾರಣ. 2025ರ ಜೂನ್‌ನಲ್ಲಿ ಕೋರ್ಟಿನ ಒಪ್ಪಿಗೆಯಾದ ಹೌಸ್ ಮೊಕದ್ದಮೆಯ ರಾಜಿ ಒಪ್ಪಂದದಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೆ ಕಾಲೇಜೊಂದಕ್ಕೆ ಸುಮಾರು 2.05 ಕೋಟಿ ಡಾಲರ್ ಮಿತಿ. ಇದರಲ್ಲಿ ಯಾವುದು ಭಾನುವಾರ ರಾತ್ರಿಯ ಮೀಟಿಂಗಿನಿಂದ ಬಂತು?

ನಮ್ಮ ಕಮಿಟಿಯ ಮೀಟಿಂಗಿನಲ್ಲಿ ಡಿಪಾರ್ಟ್‌ಮೆಂಟಿನ ಅಧಿಕಾರಿಯೊಬ್ಬರು ಮೊದಲಿಂದ ಕೊನೆವರೆಗೆ ಕೂತಿರುತ್ತಿದ್ದರು. ಗಾಯಕ್ಕೆ ಚಿಕಿತ್ಸೆ ಕೊಡುವ ನಮ್ಮ ಟ್ರೇನಿಂಗ್ ರೂಮಿನಲ್ಲಿ ಮಂಡಿ ನೋವಿನ ಹುಡುಗಿಯರು ಫುಟ್‌ಬಾಲ್ ಟೀಮಿನದು ಮುಗಿಯುವವರೆಗೂ ನೆಲದ ಮೇಲೆ ಕೂತು ಕಾಯುತ್ತಿದ್ದರು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ, ಸ್ಕಾಲರ್‌ಶಿಪ್ ಯಾರ ಕೈಯಲ್ಲಿದೆ ಅಂತ ಗೊತ್ತಿತ್ತಲ್ಲ.

ಗಣಿತದ ಮೇಷ್ಟ್ರು

ನಾನು ಇಲ್ಲಿ ಒಂದು ರಾಜ್ಯ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೆಲವು ವರ್ಷ ಅಧ್ಯಾಪಕರ ಕಡೆಯಿಂದ ಕ್ರೀಡಾ ಪ್ರತಿನಿಧಿಯಾಗಿದ್ದೆ. ಪ್ರತಿ ಎನ್‌ಸಿಎಎ ಕಾಲೇಜಿನಲ್ಲೂ ಈ ಹುದ್ದೆ ಇರಬೇಕು, ಅವರು ಕ್ರೀಡಾ ವಿಭಾಗದ ನೌಕರರಾಗಿರಕೂಡದು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಈ ಹುದ್ದೆ ಇದೆ ಎಂದೇ ತಿಳಿದಿರುವುದಿಲ್ಲ.

ಮಾಜಿ ಗೋಲ್‌ಕೀಪರ್ ಅವರು ಹೇಳಿದ ಭಯ ನಿಜವಾದದ್ದು, ಅದನ್ನು ನಾನು ಮಕ್ಕಳ ಮುಖದಲ್ಲೇ ನೋಡಿದ್ದೇನೆ. ಪರಿಹಾರವಾಗಿ ನಾವು ಮಾಡಿದ್ದು ಇಷ್ಟೇ: ಮೀಟಿಂಗಿನ ಕೊನೆಯ ಇಪ್ಪತ್ತು ನಿಮಿಷ ಸಿಬ್ಬಂದಿಯೆಲ್ಲ ಹೊರಗೆ, ಮಕ್ಕಳು ಮಾತ್ರ ಒಳಗೆ. ಅಲ್ಲಿ ಬಂದ ಮಾತು ಯಾರದ್ದು, ಯಾವ ಟೀಮಿನದ್ದು ಎಂಬುದು ಟಿಪ್ಪಣಿಯಲ್ಲಿ ಬರುವುದಿಲ್ಲ. ಕಮಿಟಿಯ ಮಾತಾಗಿ ಬರುತ್ತದೆ. ಹೀಗೆ ಮಾಡಿದ ಮೇಲೆ ಟ್ರೇನಿಂಗ್ ರೂಮು, ಬಟ್ಟೆ ಒಗೆಯುವ ವ್ಯವಸ್ಥೆ, ವಾರದ ರಜೆ, ಎಲ್ಲ ಮಾತೂ ಹೊರಬಂತು.

ಒಂದು ಎಚ್ಚರಿಕೆಯ ಮಾತು. ಕೆಲವು ವಿಷಯಗಳು ಈ ಕಮಿಟಿಗೆ ಬರಲೇಬಾರದು. ಲೈಂಗಿಕ ಕಿರುಕುಳ, ಹೊಸಬರಿಗೆ ಕೊಡುವ ಹಿಂಸೆ, ಕೋಚಿನಿಂದ ದೌರ್ಜನ್ಯ ಇಂಥವನ್ನು ಹತ್ತೊಂಬತ್ತರ ಮಕ್ಕಳ ಕಮಿಟಿ ವಿಚಾರಣೆ ಮಾಡಲು ಹೋಗಬಾರದು. ಕೇಂದ್ರ ಸರ್ಕಾರದ ಹಣ ಪಡೆಯುವ ಪ್ರತಿ ಕಾಲೇಜಿನಲ್ಲೂ ಟೈಟಲ್ 9 ಅಧಿಕಾರಿ ಇರಬೇಕು, ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಕಾನೂನು ಅದು. ಪ್ರತಿನಿಧಿಯ ಕೆಲಸವೆಂದರೆ ಆ ಬಾಗಿಲು ಎಲ್ಲಿದೆ ಎಂದು ತೋರಿಸುವುದು, ಬೇಕಾದರೆ ಜೊತೆಗೆ ನಡೆದುಹೋಗುವುದು. ನಿಮ್ಮ ಮಗಳಿಗೆ ಮೊದಲ ದಿನವೇ ಇದನ್ನು ಹೇಳಿ. ಟೀಮಿನವರು ನಂಬಿ ಹೇಳಿದ ಭಾರವನ್ನು ಒಬ್ಬಳೇ ಹೊತ್ತು ತಿರುಗುವ ಪ್ರತಿನಿಧಿಗಳನ್ನು ಕಂಡಿದ್ದೇನೆ, ಅವರ ಓದು, ಆಟ ಎರಡೂ ಕುಸಿಯುತ್ತದೆ.

ಈಜುಗಾರ್ತಿಯ ಅಮ್ಮ

ಮೇಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ಇವತ್ತೇ ಫೋನ್ ಮಾಡಿ ಹೇಳ್ತೀನಿ.

ಇನ್ನೊಂದು ಪ್ರಶ್ನೆ. ವಾರಕ್ಕೆ 20 ಗಂಟೆಗಿಂತ ಹೆಚ್ಚು ಪ್ರಾಕ್ಟೀಸ್ ಮಾಡಿಸಬಾರದು ಅನ್ನೋ ನಿಯಮ ಇದೆಯಂತೆ. ಇವಳದ್ದು ಅದಕ್ಕಿಂತ ಜಾಸ್ತಿ ಆಗ್ತಿದೆ ಅನ್ನಿಸುತ್ತೆ. ಅದನ್ನೂ ಕಮಿಟಿಯಲ್ಲಿ ಕೇಳಬಹುದಾ?

ಹಳೇ ರಿಲೇ ಓಟಗಾರ

ಕೇಳುವ ಮುಂಚೆ ನಿಯಮ ಸರಿಯಾಗಿ ತಿಳಿದುಕೊಳ್ಳಲಿ. ಸೀಸನ್ನಿನಲ್ಲಿ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ ಅನ್ನುವ ಮಿತಿ ಡಿವಿಷನ್ 1 ಮತ್ತು 2ಕ್ಕೆ. ಡಿವಿಷನ್ 3ರಲ್ಲಿ ಆ ಗಂಟೆಯ ಲೆಕ್ಕ ಇಲ್ಲ. ಸೀಸನ್ ಎಷ್ಟು ಉದ್ದ ಇರಬಹುದು ಅನ್ನುವ ಮಿತಿ ಇದೆ, ವಾರಕ್ಕೆ ಒಂದು ದಿನ ರಜೆ ಕೊಡಬೇಕು. ಆ ಒಂದು ದಿನ ನಿಜವಾಗಿ ಸಿಗುತ್ತಿದೆಯಾ ಅನ್ನೋದನ್ನ ಅವಳು ಕೇಳಬಹುದು.

20 ಗಂಟೆ ಇದ್ದ ಕಡೆಯೂ ಅದು ಕಾಗದದ ಮೇಲಿನ ಲೆಕ್ಕ. ಸ್ಪರ್ಧೆಯ ದಿನ ಇಡೀ ದಿನ ಹೋದರೂ 3 ಗಂಟೆ ಅಂತಲೇ ಬರೆಯುತ್ತಾರೆ. ಪ್ರಯಾಣ ಲೆಕ್ಕಕ್ಕಿಲ್ಲ. ಗಾಯಕ್ಕೆ ಚಿಕಿತ್ಸೆ ತೆಗೆದುಕೊಳ್ಳುವ ಸಮಯ ಲೆಕ್ಕಕ್ಕಿಲ್ಲ. ಇದನ್ನೆಲ್ಲ ಆಟಗಾರರೇ ವರ್ಷಗಟ್ಟಲೆ ಹೇಳಿ ಹೇಳಿ, ಕೊನೆಗೆ 2017ರ ಜನವರಿಯಲ್ಲಿ ಐದು ದೊಡ್ಡ ಕಾನ್ಫರೆನ್ಸುಗಳು ಒಂದು ನಿಯಮ ಪಾಸು ಮಾಡಿದವು. ಶೈಕ್ಷಣಿಕ ವರ್ಷದಲ್ಲಿ ಹೆಚ್ಚುವರಿ 14 ದಿನ ರಜೆ, ಸೀಸನ್ ಮುಗಿದ ಮೇಲೆ 7 ದಿನ, ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ನಡುವೆ ಸತತ 8 ಗಂಟೆ ಬಿಡುವು.

ಗೋಲ್‌ಕೀಪರ್ ಅವರೇ, ನೀವು ಕೇಳಿದ ಪ್ರಶ್ನೆಗೂ ಇದು ನನ್ನ ಉತ್ತರ. ದುಡ್ಡಿನ ಬದಲಾವಣೆ ಕೋರ್ಟಿನಿಂದ ಬಂತು, ಒಪ್ಪುತ್ತೇನೆ. ನಿದ್ದೆ, ರಜೆ, ಪರೀಕ್ಷೆ, ಇವನ್ನು ಕೋರ್ಟು ಕೊಡಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಚುನಾವಣೆಯ ದಿನ ಪ್ರಾಕ್ಟೀಸೂ ಬೇಡ, ಪಂದ್ಯವೂ ಬೇಡ ಅಂತ ಡಿವಿಷನ್ 1 ನಿಯಮ ಮಾಡಿತಲ್ಲ, ಅದರ ಹಿಂದೆ ನಿಂತು ಒತ್ತಾಯಿಸಿದ್ದು ಸ್ಯಾಕ್. 2015ರ ಜನವರಿಯಲ್ಲಿ ಐದು ದೊಡ್ಡ ಕಾನ್ಫರೆನ್ಸುಗಳ 65 ಕಾಲೇಜುಗಳ ಜೊತೆ 15 ಆಟಗಾರರೂ ಮತ ಹಾಕಿದರು. ಸ್ಕಾಲರ್‌ಶಿಪ್ಪಿನಲ್ಲಿ ಓದಿನ ಪೂರ್ತಿ ಖರ್ಚು ಸೇರಿಸಬಹುದು ಅನ್ನುವುದು 79-1ರಲ್ಲಿ ಗೆದ್ದಿತು. ಅದು ಸಣ್ಣ ವಿಷಯವಲ್ಲ.

ಮಾಜಿ ಗೋಲ್‌ಕೀಪರ್

ಆ ವರ್ಷ 80 ಮತದಲ್ಲಿ 15 ಇದ್ದವು ಅನ್ನೋದು ನಿಜ. ಆದರೆ ಕೋರ್ಟಿನಲ್ಲಿ ಸೋಲುವ ಭಯ ಇಲ್ಲದಿದ್ದರೆ ಆ 15 ಮತವೂ ಸಿಗುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಆಟಗಾರರು ಕಮಿಟಿ ಬಿಟ್ಟು ಯೂನಿಯನ್ ಕಡೆಗೆ ನೋಡಿದ್ದೂ ಇದಕ್ಕೇ. ನಾರ್ತ್‌ವೆಸ್ಟರ್ನ್ ಫುಟ್‌ಬಾಲಿನವರು 2014ರಲ್ಲಿ ಪ್ರಯತ್ನಿಸಿದರು, ಮರುವರ್ಷ ಕಾರ್ಮಿಕ ಮಂಡಳಿ ತನ್ನ ವ್ಯಾಪ್ತಿಗೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಡಾರ್ಟ್‌ಮತ್ ಬಾಸ್ಕೆಟ್‌ಬಾಲ್ ಹುಡುಗರು 2024ರ ಮಾರ್ಚ್‌ನಲ್ಲಿ 13-2 ಮತದಿಂದ ಯೂನಿಯನ್ ಆರಿಸಿಕೊಂಡರು, ವರ್ಷದ ಕೊನೆಗೆ ಅರ್ಜಿ ಹಿಂದಕ್ಕೆ ಹೋಯಿತು. ಸೋತರೂ ಅವರು ಕೇಳಿದ್ದು ಮಾತುಕತೆಗೆ ಕೂರುವ ಹಕ್ಕು, ಸಲಹೆ ಕೊಡುವ ಅವಕಾಶ ಅಲ್ಲ. ಈ ವ್ಯತ್ಯಾಸ ಮರೆಯಬಾರದು.

ಹಾಗಂತ ಅಮ್ಮಾ, ನಿಮ್ಮ ಮಗಳು ಹೋಗಬಾರದು ಅಂತ ನಾನು ಹೇಳಲ್ಲ. ಹೋಗಲಿ. ಮೊದಲ ಮೀಟಿಂಗಿನಲ್ಲೇ ಒಂದು ಕೇಳಲಿ: ಕಳೆದ ವರ್ಷ ಕಮಿಟಿ ಬರವಣಿಗೆಯಲ್ಲಿ ಏನೇನು ಕೇಳಿತ್ತು, ಅದಕ್ಕೆ ಬರವಣಿಗೆಯಲ್ಲಿ ಏನು ಉತ್ತರ ಬಂತು? ಆ ಕಡತ ಇದ್ದರೆ ಅದು ಕೆಲಸದ ಕಮಿಟಿ. ಇಲ್ಲದಿದ್ದರೆ ಅಂಥ ಕಡತ ಶುರು ಮಾಡೋದೇ ಅವಳ ಮೊದಲ ಕೆಲಸ. ಪ್ರತಿನಿಧಿಗಳು ಪದವಿ ಮುಗಿಸಿ ಹೋಗಿಬಿಡ್ತಾರೆ, ಡಿಪಾರ್ಟ್‌ಮೆಂಟಿನವರು ಅಲ್ಲೇ ಇರ್ತಾರೆ. ಹಿಂದಿನವರು ಕೇಳಿದ್ದು ಕಾಗದದಲ್ಲಿ ಇಲ್ಲದಿದ್ದರೆ ಪ್ರತಿ ವರ್ಷ ಹೊಸದಾಗಿ ಕೇಳಬೇಕು, ಅವರೂ ಪ್ರತಿ ವರ್ಷ ಹೊಸದಾಗಿ ಕೇಳಿಸಿಕೊಂಡಂತೆ ತಲೆ ಆಡಿಸ್ತಾರೆ.

ಎಫ್-1 ಟೆನಿಸ್

ನಾನು ಭಾರತದಿಂದ ಬಂದು ಇಲ್ಲಿ ಟೆನಿಸ್ ಆಡುತ್ತಿರುವವನು, ಡಿವಿಷನ್ 1. ನಮ್ಮಂಥವರ ಮಾತನ್ನೂ ಸೇರಿಸಬೇಕು ಅನ್ನಿಸಿತು.

ಹೆಸರು-ಚಿತ್ರದ ಹಣ ಬಂದಾಗಿನಿಂದ ನಮ್ಮ ಕಮಿಟಿಯಲ್ಲಿ ಅದೇ ಮಾತು. ಪ್ರಾಯೋಜಕರನ್ನು ಹಿಡಿಯುವುದು ಹೇಗೆ ಅಂತ ತರಬೇತಿ, ತೆರಿಗೆ ಕಟ್ಟುವುದು ಹೇಗೆ ಅಂತ ತರಬೇತಿ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರಿಗೆ ಇಲ್ಲಿ ಕೆಲಸ ಮಾಡಲು ಕಟ್ಟುನಿಟ್ಟಿನ ಮಿತಿ ಇದೆ. ಪಕ್ಕದ ಲಾಕರಿನವನು ಮಾಡುವ ಜಾಹೀರಾತನ್ನು ನಾನು ಇಲ್ಲಿ ಕೂತು ಮಾಡಿದರೆ ವೀಸಾಕ್ಕೇ ಕುತ್ತು ಬರಬಹುದು. ಇದನ್ನು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ. ನಮ್ಮ ಟೀಮಿನಲ್ಲಿ ಅರ್ಧಕ್ಕರ್ಧ ಹೊರದೇಶದವರು, ಆದರೂ ಕಮಿಟಿಯಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ನಾವೇ ಹೋಗಿರಲಿಲ್ಲ. ಈಗ ನಾನು ಹೋಗುತ್ತಿದ್ದೇನೆ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯವರನ್ನು ಮೀಟಿಂಗಿಗೆ ಕರೆಸಿ, ಸಹಿ ಹಾಕುವ ಮೊದಲು ಅವರನ್ನು ಕಾಣಿ ಅಂತ ಹೊಸಬರಿಗೆಲ್ಲ ಹೇಳಿಸಿದ್ದೇವೆ.

ಇನ್ನೊಂದು ಕಷ್ಟ ಥ್ಯಾಂಕ್ಸ್‌ಗಿವಿಂಗ್, ಚಳಿಗಾಲದ ರಜೆಯದ್ದು. ಹಾಸ್ಟೆಲು ಮುಚ್ಚುತ್ತದೆ, ಡೈನಿಂಗ್ ಹಾಲು ಮುಚ್ಚುತ್ತದೆ. ಪ್ರಾಕ್ಟೀಸ್ ಇರುತ್ತದೆ, ಊರಿಗೆ ಹೋಗಲು ಆಗುವುದಿಲ್ಲ. ಆಗ ಎಲ್ಲಿ ಮಲಗಬೇಕು, ಏನು ತಿನ್ನಬೇಕು ಅನ್ನುವುದು ಪ್ರತಿ ವರ್ಷದ ಪ್ರಶ್ನೆ. ಅಕ್ಕ, ನಿಮ್ಮ ಮಗಳು ಊಟದ ಪಟ್ಟಿ ಮಾಡುವಾಗ ರಜೆಯ ದಿನಗಳನ್ನೂ ಸೇರಿಸಲಿ.

ಗಣಿತದ ಮೇಷ್ಟ್ರು

ಹೌಸ್ ಒಪ್ಪಂದದ ವಿಷಯ ಬಂದದ್ದರಿಂದ ಒಂದು ಮಾತು. ಅದಕ್ಕೆ ಸೇರಿದ ಡಿವಿಷನ್ 1 ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಸಂಖ್ಯೆಯ ಮಿತಿ ಹೋಗಿ ತಂಡದಲ್ಲಿ ಎಷ್ಟು ಜನ ಇರಬಹುದು ಅನ್ನುವ ಮಿತಿ ಬಂದಿದೆ. ಸ್ಕಾಲರ್‌ಶಿಪ್ ಇಲ್ಲದೆ ಪ್ರೀತಿಯಿಂದ ಆಡುತ್ತಿದ್ದವರು, ಅದರಲ್ಲೂ ಈಜು, ಟ್ರ್ಯಾಕ್ ಮುಂತಾದ ದೊಡ್ಡ ತಂಡಗಳವರು, ಜಾಗ ಕಳೆದುಕೊಳ್ಳುವ ಪರಿಸ್ಥಿತಿ ಬಂತು. ಆ ಹೊತ್ತಿನಲ್ಲಿ ಯಾರನ್ನು ಯಾವಾಗ ಬಿಡುತ್ತೀರಿ, ಬೇರೆ ಕಾಲೇಜು ಹುಡುಕಲು ಸಮಯ ಕೊಡುತ್ತೀರಾ ಎಂದು ಕೇಳಬೇಕಾದವರು ಕ್ಯಾಂಪಸ್ ಪ್ರತಿನಿಧಿಗಳೇ. ಕೋರ್ಟು ಮಿತಿ ಹಾಕಬಲ್ಲದು, ನಿಮ್ಮ ಕಾಲೇಜಿನ ಹುಡುಗನಿಗೆ ಆ ಸುದ್ದಿಯನ್ನು ಆಗಸ್ಟ್‌ನಲ್ಲಿ ಹೇಳಬೇಕೋ ಏಪ್ರಿಲ್‌ನಲ್ಲೇ ಹೇಳಬೇಕೋ ಎಂಬುದನ್ನು ಕೋರ್ಟು ನೋಡುವುದಿಲ್ಲ. ಗೋಲ್‌ಕೀಪರ್ ಮತ್ತು ಓಟಗಾರ ಇಬ್ಬರ ಮಾತೂ ನನಗೆ ಇಲ್ಲಿ ಒಂದೇ ಕಡೆ ಬಂದು ಸೇರುತ್ತದೆ.

ಈಜುಗಾರ್ತಿಯ ಅಮ್ಮ

ಮಗಳು ಮೊದಲ ಮೀಟಿಂಗಿಗೆ ಹೋಗಿ ಬಂದಳು. ಕಡತ ಕೇಳಿದಳಂತೆ, ಇರಲಿಲ್ಲ. ಅಧ್ಯಕ್ಷೆ ನಾಲ್ಕನೇ ವರ್ಷದ ಲಕ್ರಾಸ್ ಹುಡುಗಿ, ಅವಳು ಬೇಜಾರು ಮಾಡಿಕೊಳ್ಳದೆ "ನೀನೇ ಶುರು ಮಾಡು" ಅಂದಳಂತೆ.

ಊಟದ ವಿಷಯ ಎತ್ತಿದಾಗ ಇನ್ನೂ ನಾಲ್ಕು ಟೀಮಿನವರು ನಮಗೂ ಹಾಗೇ ಅಂದಿದ್ದಾರೆ. ಆದರೆ ಅಥ್ಲೆಟಿಕ್ ಡೈರೆಕ್ಟರ್, ಡೈನಿಂಗ್ ಹಾಲು ನನ್ನ ಕೈಯಲ್ಲಿಲ್ಲ, ಅದು ಹೊರಗಿನ ಗುತ್ತಿಗೆದಾರರದ್ದು, ವಿದ್ಯಾರ್ಥಿ ವ್ಯವಹಾರಗಳ ಡೀನ್ ನೋಡಿಕೊಳ್ಳೋದು ಅಂದರಂತೆ. ಅಲ್ಲಿಗೇ ನಿಂತಿದೆ. ಅವಳು ಸ್ವಲ್ಪ ಬೇಸರದಲ್ಲಿದ್ದಾಳೆ.

ಹಳೇ ರಿಲೇ ಓಟಗಾರ

ಬೇಸರ ಬೇಡ. ಯಾರ ಕೈಯಲ್ಲಿದೆ ಅಂತ ಗೊತ್ತಾದದ್ದೇ ಅರ್ಧ ಕೆಲಸ.

ಇನ್ನು ಇದನ್ನು ಆಟಗಾರರ ಬೇಡಿಕೆ ಅಂತ ಒಯ್ಯಬೇಡಿ. ಅಲ್ಲೇ ನಾವು ಎಡವಿ ಬಿದ್ದಿದ್ದನ್ನು ನೋಡಿದ್ದೀನಿ. ಆಟಗಾರರಿಗೆ ಆಗಲೇ ಬೇಕಾದಷ್ಟು ಸವಲತ್ತು ಇದೆ ಅನ್ನುವ ಭಾವನೆ ಬೇರೆ ವಿದ್ಯಾರ್ಥಿಗಳಲ್ಲಿ ಇರುತ್ತದೆ, ಕೆಲವು ಸಣ್ಣ ಡಿವಿಷನ್ 3 ಕಾಲೇಜುಗಳಲ್ಲಿ ಮೂರರಲ್ಲಿ ಒಬ್ಬರು ಆಟಗಾರರೇ ಆಗಿದ್ದರೂ ಈ ಗೋಡೆ ಇರುತ್ತದೆ. ಏಳೂವರೆ ದಾಟಿ ಹಸಿದು ಬರುವವರು ಇನ್ನು ಯಾರ್‍ಯಾರು? ಸಂಜೆ ಲ್ಯಾಬ್ ಇರುವವರು. ನಾಟಕದ ತಾಲೀಮು ಮಾಡುವವರು. ಆರ್ಕೆಸ್ಟ್ರಾದವರು. ಲೈಬ್ರರಿಯಲ್ಲಿ ಕೆಲಸ ಮಾಡುವ ಮಕ್ಕಳು. ಅವರ ಸಂಖ್ಯೆಯನ್ನೂ ಅದೇ ಹಾಳೆಗೆ ಹಾಕಿ, ವಿದ್ಯಾರ್ಥಿ ಸರ್ಕಾರದವರ ಜೊತೆ ಸೇರಿ ಡೀನ್ ಹತ್ತಿರ ಹೋಗಲಿ. ಬಯಾಲಜಿಯವಳು ತಾನೇ, ಸಂಜೆ ಲ್ಯಾಬಿನವರೆಲ್ಲ ಅವಳಿಗೆ ಪರಿಚಯ ಇರುತ್ತಾರೆ.

ಮಾಜಿ ಗೋಲ್‌ಕೀಪರ್

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಾವು ನಾಲ್ಕು ವರ್ಷ ನಮ್ಮದೇ ಜಿಮ್ಮು, ನಮ್ಮದೇ ಓದುವ ಕೋಣೆ, ನಮ್ಮದೇ ಮೇಜು ಅಂತ ಇದ್ದುಬಿಟ್ಟೆವು. ಕ್ಯಾಂಪಸ್ಸಿನಲ್ಲಿ ನಮ್ಮ ಪರ ಮಾತಾಡಲು ಹೊರಗಿನವರು ಒಬ್ಬರೂ ಇರಲಿಲ್ಲ. ಬೇಡಿಕೆ ಒಂದೇ ಇರಲಿ, ನೇರವಾಗಿರಲಿ: ವಾರದ ದಿನಗಳಲ್ಲಿ ಬಿಸಿ ಊಟದ ಸಾಲು ಎಂಟೂಕಾಲಿನವರೆಗೆ. ಅದಾಗದಿದ್ದರೆ ಮೊದಲೇ ಹೇಳಿದವರಿಗೆ ತಟ್ಟೆ ಕಟ್ಟಿಡುವ ವ್ಯವಸ್ಥೆ. ಉತ್ತರ ಕೊಡಲು ತಾರೀಕನ್ನೂ ಪತ್ರದಲ್ಲೇ ಕೇಳಲಿ.

ಗಣಿತದ ಮೇಷ್ಟ್ರು

ಗುತ್ತಿಗೆ ನವೀಕರಣ ಯಾವಾಗ ಎಂದು ಡೀನ್ ಕಚೇರಿಯಲ್ಲಿ ವಿಚಾರಿಸಲಿ. ಸಮಯ ಬದಲಿಸಲು ಗುತ್ತಿಗೆದಾರರು ಹೆಚ್ಚುವರಿ ಸಿಬ್ಬಂದಿಯ ಖರ್ಚು ಹೇಳುತ್ತಾರೆ. ನವೀಕರಣದ ಮಾತುಕತೆಗೆ ಮುಂಚೆ ಪತ್ರ ತಲುಪಿದರೆ ಅದನ್ನು ಷರತ್ತಿನಲ್ಲೇ ಸೇರಿಸಬಹುದು, ಆಮೇಲೆ ಹೋದರೆ ಇನ್ನೊಂದು ಅವಧಿ ಕಾಯಬೇಕಾಗುತ್ತದೆ. ತಟ್ಟೆ ಕಟ್ಟಿಡುವುದಕ್ಕೆ ಅಷ್ಟು ಕಾಯಬೇಕಿಲ್ಲ, ಡೈನಿಂಗ್ ಹಾಲಿನ ಮ್ಯಾನೇಜರ್ ಮಟ್ಟದಲ್ಲೇ ಆಗುತ್ತದೆ. ಪತ್ರದ ಒಂದು ಪ್ರತಿ ನಿಮ್ಮ ಕಾಲೇಜಿನ ಅಧ್ಯಾಪಕ ಕ್ರೀಡಾ ಪ್ರತಿನಿಧಿಗೂ ಹೋಗಲಿ. ಅವರ ಹೆಸರು ಅಥ್ಲೆಟಿಕ್ಸ್ ಸಿಬ್ಬಂದಿಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಿಗುತ್ತದೆ.

ಈಜುಗಾರ್ತಿಯ ಅಮ್ಮ

ಪಟ್ಟಿಯಲ್ಲಿ ಸಿಕ್ಕರು, ಅವಳ ಕೆಮಿಸ್ಟ್ರಿ ಮೇಡಮ್ಮೇ ಅಂತೆ. ಮಂಗಳವಾರ ಅವರ ಆಫೀಸ್ ಅವರ್ಸ್‌ಗೆ ಹಾಳೆ ಹಿಡಿದುಕೊಂಡು ಹೋಗ್ತಾಳೆ.